ಗಾಳಿ ಬಿಟ್ಟರೆ ಒಣಗುತ್ತದೆಯೇ? ಮನೆಯಡಿಯ ತೇವದ ಒಂದು ಚರಿತ್ರೆ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಲಿ, ಕ್ಯಾರಿ ಕಡೆ ಮನೆ ಕೊಳ್ಳುವ ಕನ್ನಡಿಗರಿಗೆ ತಪಾಸಣೆಯ ವರದಿಯಲ್ಲಿ ಹೊಸ ಪದವೊಂದು ಎದುರಾಗುತ್ತದೆ: ಕ್ರಾಲ್ ಸ್ಪೇಸ್. ನಮ್ಮೂರುಗಳಲ್ಲಿ ಇಂಥದ್ದಿಲ್ಲ. ನಾವು ಕಲ್ಲು ಕಟ್ಟಿ, ಮಣ್ಣು ತುಂಬಿ, ಪಂಚಾಂಗ ಎತ್ತರಿಸಿ ಅದರ ಮೇಲೆಯೇ ನೆಲ ಮಾಡುತ್ತೇವೆ. ಅಲ್ಲಿ ಸುತ್ತ ಗಿಡ್ಡ ಗೋಡೆ ಎಬ್ಬಿಸಿ, ಮರದ ತೊಲೆ ಕೂರಿಸಿ, ಹಲಗೆಯ ನೆಲ ಹಾಸುತ್ತಾರೆ. ಹಲಗೆಗೂ ಕೆಳಗಿನ ಮಣ್ಣಿಗೂ ನಡುವೆ ಮನುಷ್ಯ ತೆವಳಿಕೊಂಡೇ ಹೋಗಬೇಕಾದಷ್ಟು ಜಾಗ ಉಳಿಯುತ್ತದೆ. ನೀರಿನ ಪೈಪು, ವಿದ್ಯುತ್ ತಂತಿ, ಎಸಿಯ ಗಾಳಿಕೊಳವೆ ಎಲ್ಲವೂ ಅಲ್ಲೇ.

ಆ ಜಾಗದಲ್ಲಿ ತೇವ ನಿಂತರೆ ತೊಲೆ ಕುಂಬಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಗೆದ್ದಲು ಬರುತ್ತದೆ. ಮನೆಯೊಳಗೆ ನಾವು ಉಸಿರಾಡುವ ಗಾಳಿಯ ಒಂದು ಪಾಲು ಸಂದುಗೊಂದುಗಳ ಮೂಲಕ ಕೆಳಗಿನಿಂದಲೇ ಮೇಲೇರುವುದರಿಂದ ಮುಗ್ಗಲು ವಾಸನೆಯೂ ಮೇಲೆ ಬರುತ್ತದೆ. ಏನು ಮಾಡಿಸಬೇಕು ಎಂದು ಕೇಳಿದರೆ ಒಬ್ಬ ಕಂಟ್ರಾಕ್ಟರ್ ಗೋಡೆಗೆ ಇನ್ನಷ್ಟು ಕಿಂಡಿ ಇಡಿಸಿ ಎನ್ನುತ್ತಾನೆ. ಇನ್ನೊಬ್ಬ ಇರುವ ಕಿಂಡಿಯನ್ನೂ ಮುಚ್ಚಿಸಿ ಎನ್ನುತ್ತಾನೆ. ಇಬ್ಬರೂ ದೊಡ್ಡ ಮೊತ್ತವನ್ನೇ ಹೇಳುತ್ತಾರೆ. ಈ ಗೊಂದಲ ಎಲ್ಲಿಂದ ಬಂತು ಎಂದು ತಿಳಿಯಲು ಎಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಸಾಲದ ಜೊತೆ ಬಂದ ನಿಯಮ

1934ರಲ್ಲಿ ಅಮೆರಿಕ ಸರ್ಕಾರ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಶನ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿತು. ಬ್ಯಾಂಕುಗಳು ಕೊಡುವ ಗೃಹಸಾಲಕ್ಕೆ ವಿಮೆಯ ಭದ್ರತೆ ಕೊಡುವುದು ಅದರ ಕೆಲಸ. ವಿಮೆ ಬೇಕಾದರೆ ಮನೆ ಕನಿಷ್ಠ ಗುಣಮಟ್ಟದ್ದಾಗಿರಬೇಕು. 1942ರಲ್ಲಿ ಅದು ಹೊರಡಿಸಿದ ನಿಯಮಗಳಲ್ಲಿ ಮನೆಯಡಿಯ ಜಾಗಕ್ಕೆ ಇಷ್ಟು ಅಳತೆಯ ಗಾಳಿಕಿಂಡಿ ಇರಬೇಕೆಂಬ ಲೆಕ್ಕ ಬಂತು. ಯುದ್ಧದ ನಂತರ ಅದು ಒಂದು ಸುಲಭ ಸೂತ್ರವಾಗಿ ನಿಂತಿತು: 150ಕ್ಕೆ 1. ಅಂದರೆ 1,500 ಚದರಡಿಯ ಮನೆಗೆ 10 ಚದರಡಿ ಕಿಂಡಿ. ಸಾಲ ಬೇಕಾದವರು ಪಾಲಿಸಿದರು, ಊರೂರಿನ ಕಟ್ಟಡ ನಿಯಮಾವಳಿಗಳು ನಕಲು ಮಾಡಿಕೊಂಡವು, ಮೇಸ್ತ್ರಿಗಳಿಗೆ ಬಾಯಿಪಾಠವಾಯಿತು.

ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕ ವಿಲಿಯಂ ರೋಸ್ ಈ ಅಂಕಿಯ ಜಾಡು ಹಿಡಿದು ಹಳೆಯ ಕಾಗದಪತ್ರಗಳನ್ನೆಲ್ಲ ಜಾಲಾಡಿದರು. 1994ರಲ್ಲಿ ಅವರು ಪ್ರಕಟಿಸಿದ ಲೇಖನದ ತಿರುಳು ಸರಳ: ಈ ಅಂಕಿಗಳಿಗೆ ಗಟ್ಟಿಯಾದ ಪ್ರಯೋಗದ ಆಧಾರವಿಲ್ಲ. ಅರ್ಧ ಶತಮಾನ ಕಾಲ ಲಕ್ಷಾಂತರ ಮನೆಗಳು ಹೆಚ್ಚುಕಡಿಮೆ ಊಹೆಯ ಮೇಲೆ ನಿಂತಿದ್ದವು.

ವಿಚಿತ್ರವೆಂದರೆ, ಸರಿಯಾದ ಉತ್ತರದ ಅರ್ಧಭಾಗ ಆಗಲೇ ಗೊತ್ತಿತ್ತು. ತೇವದ ದೊಡ್ಡ ಮೂಲ ಮನೆಯಡಿಯ ಬರಿಮಣ್ಣು, ಅದನ್ನು ಡಾಂಬರು ಬಳಿದ ಹಾಳೆಯಿಂದ ಮುಚ್ಚಿದರೆ ತೊಲೆಗಳು ಒಣಗುತ್ತವೆ ಎಂಬುದನ್ನು 1940ರ ದಶಕದಲ್ಲೇ ಸರ್ಕಾರಿ ಸಂಶೋಧಕರು ಕಂಡುಕೊಂಡಿದ್ದರು. ಮಣ್ಣು ಮುಚ್ಚಿದರೆ ಕಿಂಡಿಯ ಅಳತೆ ಹತ್ತರಲ್ಲಿ ಒಂದಕ್ಕಿಳಿದರೂ ಸಾಕು ಎಂಬ ವಿನಾಯಿತಿಯೂ ನಿಯಮಕ್ಕೆ ಸೇರಿತು. ಆದರೆ ಹಾಳೆ ಹಾಸುವುದಕ್ಕಿಂತ ಕಿಂಡಿ ಬಿಡುವುದು ಅಗ್ಗ. ಜನ ಅಗ್ಗದ್ದನ್ನೇ ಆರಿಸಿಕೊಂಡರು.

ಹಪ್ಪಳದ ಡಬ್ಬಿಯ ನ್ಯಾಯ

ಗಾಳಿಯಾಡಿದರೆ ಒಣಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಯಾವ ಗಾಳಿ ಎಂಬುದು ಮುಖ್ಯ. ಚಳಿಗಾಲದ ಒಣಗಾಳಿ ತೇವ ಹೀರಿಕೊಂಡು ಹೋಗುತ್ತದೆ. ಮಳೆ ಕಡಿಮೆಯಿರುವ ಪಶ್ಚಿಮದ ರಾಜ್ಯಗಳಲ್ಲೂ ಕಿಂಡಿ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ನಾರ್ತ್ ಕೆರೊಲಿನಾದಂಥ ಕಡೆಯ ಬೇಸಿಗೆ ಹಾಗಲ್ಲ. ಹೊರಗೆ 32 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ. 60 ಆರ್ದ್ರತೆ ಇರುವಾಗ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 20 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ ಕಿಂಡಿಯಿಂದ ನುಗ್ಗಿ 25 ಡಿಗ್ರಿಗೆ ತಣ್ಣಗಾದರೆ ಆರ್ದ್ರತೆ ಶೇ. 90ಕ್ಕೆ ಏರುತ್ತದೆ. ಸುಮಾರು 23 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ನೀರಾಗಿ ಕೂರುತ್ತದೆ. ಯುದ್ಧಾನಂತರ ಮನೆಮನೆಗೂ ಎಸಿ ಬಂದು, ಅದರ ತಣ್ಣನೆಯ ಕೊಳವೆಗಳು ಇದೇ ಜಾಗದಲ್ಲಿ ಹಾದುಹೋದಾಗ ನೀರು ಕೂರಲು ಅಂಥ ಜಾಗ ಹೇರಳವಾಗಿ ಸಿಕ್ಕಿತು. ಒಣಗಿಸಲು ಬಿಟ್ಟ ಕಿಂಡಿಯೇ ನೀರು ತರುವ ದಾರಿಯಾಯಿತು.

ಕರಾವಳಿ, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲ ಶುರುವಾದಾಗ ಮೊಸಾಯಿಕ್ ನೆಲ ಬೆವರುವುದನ್ನು, ಕಿಟಕಿ ತೆರೆದಷ್ಟೂ ಇನ್ನಷ್ಟು ಬೆವರುವುದನ್ನು ನಾವೆಲ್ಲ ನೋಡಿದ್ದೇವೆ. ಆಷಾಢದಲ್ಲಿ ಹಪ್ಪಳದ ಡಬ್ಬಿಯ ಮುಚ್ಚಳ ತೆಗೆದು ಗಾಳಿಗಿಡುವ ಅಜ್ಜಿ ಯಾರ ಮನೆಯಲ್ಲೂ ಇಲ್ಲ.

ಪ್ರಿನ್ಸ್‌ವಿಲ್ಲಿನ ಹನ್ನೆರಡು ಮನೆ

ಅನುಮಾನ ಇದ್ದರೂ ಅಳೆದು ತೋರಿಸುವವರು ಬೇಕಿತ್ತು. ಆ ಕೆಲಸ ನಡೆದದ್ದು ಪ್ರಿನ್ಸ್‌ವಿಲ್ ಎಂಬ ಪುಟ್ಟ ಊರಿನಲ್ಲಿ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ 1865ರಲ್ಲಿ ಟಾರ್ ನದಿಯ ದಂಡೆಯ ತಗ್ಗಿನಲ್ಲಿ ನೆಲೆಯೂರಿ ಕಟ್ಟಿದ ಊರಿದು. 1885ರಲ್ಲಿ ಪಟ್ಟಣದ ಮಾನ್ಯತೆ ಪಡೆಯಿತು. 1999ರ ಫ್ಲಾಯ್ಡ್ ಚಂಡಮಾರುತದಲ್ಲಿ ಊರಿಗೆ ಊರೇ ಮುಳುಗಿತ್ತು. ಕೆಲವೇ ವರ್ಷಗಳಲ್ಲಿ, ರಾಲಿಯ ಅಡ್ವಾನ್ಸ್ಡ್ ಎನರ್ಜಿ ಎಂಬ ಸಂಸ್ಥೆ ಅಲ್ಲಿನ ಒಂದೇ ಮಾದರಿಯ 12 ಮನೆಗಳನ್ನು ಆರಿಸಿಕೊಂಡಿತು. ನಾಲ್ಕಕ್ಕೆ ಕಿಂಡಿ ಹಾಗೇ ಬಿಟ್ಟರು. ಎಂಟಕ್ಕೆ ಕಿಂಡಿ ಮುಚ್ಚಿ, ನೆಲದ ಪ್ಲಾಸ್ಟಿಕ್ಕನ್ನು ಗೋಡೆಯವರೆಗೂ ಹತ್ತಿಸಿ ಅಂಟಿಸಿ, ಎಸಿಯಿಂದ ತುಸು ಒಣಗಾಳಿ ಬಿಟ್ಟರು.

ಫಲಿತಾಂಶ ಸ್ಪಷ್ಟವಾಗಿತ್ತು. ಬೇಸಿಗೆಯಲ್ಲಿ ಕಿಂಡಿ ಇದ್ದ ಮನೆಗಳಡಿ ಆರ್ದ್ರತೆ ಪದೇಪದೇ ಶೇ. 80 ದಾಟಿತು. ಅವುಗಳ ಮಣ್ಣಿಗೂ ಪ್ಲಾಸ್ಟಿಕ್ ಹಾಸಿತ್ತು ಎಂಬುದನ್ನು ಮರೆಯಬಾರದು. ಮುಚ್ಚಿದ ಮನೆಗಳಡಿ ಅದು ಬಹುತೇಕ ಶೇ. 70ರೊಳಗೇ ಉಳಿಯಿತು. ಬಿಸಿ ಮತ್ತು ತಂಪು ಮಾಡಲು ತಗಲುವ ವಿದ್ಯುತ್ತೂ ಸರಾಸರಿ ಶೇ. 15ರಿಂದ 18ರಷ್ಟು ಇಳಿಯಿತು. 2000ರ ದಶಕದಲ್ಲಿ ನಿಯಮಾವಳಿಗಳು ಕಿಂಡಿಯಿಲ್ಲದ ಕ್ರಾಲ್ ಸ್ಪೇಸಿಗೆ ಷರತ್ತುಗಳೊಡನೆ ಸ್ಪಷ್ಟ ದಾರಿ ಮಾಡಿಕೊಟ್ಟವು.

ಹಾಗಾದರೆ ಆರಿಸುವುದು ಹೇಗೆ

ಈ ಚರಿತ್ರೆಯಿಂದ ಸಿಗುವುದು ಒಂದು ಕ್ರಮ. ಮೊದಲು ಹರಿಯುವ ನೀರು: ಮಾಡಿನ ದೋಣಿಯ ನೀರು ಮನೆಯಿಂದ ದೂರ ಹೋಗಬೇಕು, ಸುತ್ತಲಿನ ನೆಲ ಹೊರಕ್ಕೆ ಇಳಿಜಾರಿರಬೇಕು. ಇದಾಗದೆ ಉಳಿದದ್ದೆಲ್ಲ ವ್ಯರ್ಥ. ಎರಡನೆಯದು ಮಣ್ಣು: ಕನಿಷ್ಠ 0.15 ಮಿಲಿಮೀಟರ್ ದಪ್ಪದ ಪಾಲಿಥೀನ್ ಹಾಳೆ, ಒಂದರ ಮೇಲೊಂದು ಅರ್ಧ ಅಡಿ ಬರುವಂತೆ ಹಾಸಿ, ಸಂದು ಅಂಟಿಸಬೇಕು. ಯಾವ ಹವೆಯಲ್ಲೂ ಇದು ಬೇಕೇ ಬೇಕು. ಮೂರನೆಯದು ಗಾಳಿ: ಬೇಸಿಗೆ ಜಿಗುಟಾಗಿರುವ ಕಡೆ ಕಿಂಡಿ ಮುಚ್ಚುವುದು ಒಳ್ಳೆಯದು. ಆದರೆ ಸುಮ್ಮನೆ ಮುಚ್ಚಿದರೆ ಸಾಲದು. ಡಿಹ್ಯುಮಿಡಿಫೈಯರನ್ನೋ ಎಸಿಯ ಗಾಳಿಯನ್ನೋ ಕೊಡಬೇಕು. ಗೆದ್ದಲು ಹತ್ತಿದರೆ ಕಾಣುವಂತೆ ಗೋಡೆಯ ಮೇಲಂಚಿನಲ್ಲಿ ಒಂದು ಪಟ್ಟಿ ಖಾಲಿ ಬಿಡಬೇಕು. ಆ ಜಾಗದ ಗಾಳಿಯನ್ನೇ ಎಳೆದುಕೊಂಡು ಉರಿಯುವ ಗ್ಯಾಸ್ ಹೀಟರ್ ಅಲ್ಲಿದ್ದರೆ ಮುಚ್ಚುವುದು ಪ್ರಾಣಕ್ಕೇ ಅಪಾಯ.

ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಹೇಳಿಕೊಟ್ಟ ಪಾಠ, ಅಂಕಿ ಕಂಡರೆ ಅದರ ಮೂಲ ಕೇಳಿ ಎಂಬುದು. 150ಕ್ಕೆ 1 ಎಂಬ ಅಂಕಿಯನ್ನು ಹಾಗೆ ಕೇಳಲು ಒಬ್ಬ ರೋಸ್ ಬರಬೇಕಾಯಿತು, ಅಷ್ಟರಲ್ಲಿ ಎಷ್ಟೋ ತೊಲೆಗಳು ಕುಂಬಾಗಿದ್ದವು. ಅಲ್ಲಿ ಮನೆ ಕೊಂಡಿರುವ ನಮ್ಮವರು ಯಾವ ಕಂಟ್ರಾಕ್ಟರನ ಕಾಗದಕ್ಕೂ ಸಹಿ ಹಾಕುವ ಮುನ್ನ, ಜೋರು ಮಳೆ ಬಂದ ಮರುದಿನ ಟಾರ್ಚ್ ಹಿಡಿದು ಒಮ್ಮೆ ತಾವೇ ತೆವಳಿ ನೋಡುವುದು ಲೇಸು. ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ.