ಪರಿಸರ ಅಪಾಯ ಮೌಲ್ಯಮಾಪನ

ಪರಿಸರ ಅಪಾಯ ಮೌಲ್ಯಮಾಪನ: ಒಂದು ರಾಸಾಯನಿಕ, ಕಾರ್ಖಾನೆ ಅಥವಾ ಯೋಜನೆಯಿಂದ ಮನುಷ್ಯರಿಗೂ ಇತರ ಜೀವಿಗಳಿಗೂ ಯಾವ ಬಗೆಯ ಹಾನಿ ಎಷ್ಟರಮಟ್ಟಿಗೆ ಆಗಬಹುದು ಎಂಬುದನ್ನು ಪುರಾವೆಗಳ ಆಧಾರದ ಮೇಲೆ ಅಂದಾಜು ಮಾಡುವ ಶಾಸ್ತ್ರೀಯ ವಿಧಾನ. ಕುಡಿಯುವ ನೀರಿನ ಮಾನದಂಡ, ಗಾಳಿಯ ಗುಣಮಟ್ಟದ ಮಿತಿ, ಕೀಟನಾಶಕಗಳ ನೋಂದಣಿ ಇವೆಲ್ಲವುಗಳ ಹಿಂದೆ ಇಂಥ ಅಂದಾಜು ಇರುತ್ತದೆ. ಅಂದಾಜು ಕಟ್ಟುವುದು ವಿಜ್ಞಾನದ ಪಾಲಿನ ಕೆಲಸ. ಎಷ್ಟು ಅಪಾಯವನ್ನು ಸಹಿಸಬಹುದು, ಸಂಶಯದ ಲಾಭ ಯಾರಿಗೆ ಸಲ್ಲಬೇಕು ಎಂದು ತೀರ್ಮಾನಿಸುವುದು ಸರ್ಕಾರ, ಶಾಸನಸಭೆ ಮತ್ತು ನ್ಯಾಯಾಲಯಗಳ ಹೊಣೆ. ಈ ಎರಡು ಕೆಲಸಗಳ ಗಡಿ ಎಷ್ಟು ಸಂಕೀರ್ಣ ಎಂಬುದನ್ನು ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಎಂಡೋಸಲ್ಫಾನ್ ಕೀಟನಾಶಕದ ಪ್ರಕರಣ ಸ್ಪಷ್ಟವಾಗಿ ತೋರಿಸುತ್ತದೆ.

ಪರಿಕಲ್ಪನೆ

ಈ ಶಾಸ್ತ್ರ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡುತ್ತದೆ. ಹಾನಿ ಮಾಡಬಲ್ಲ ಗುಣ ಒಂದು; ಆ ಹಾನಿ ನಿಜವಾಗಿ ಸಂಭವಿಸುವ ಸಾಧ್ಯತೆ ಇನ್ನೊಂದು. ಕಟ್ಟೆಯಿಲ್ಲದ ಬಾವಿ ಎಲ್ಲಿದ್ದರೂ ಅಪಾಯಕಾರಿಯೇ. ಆದರೆ ಅದು ಯಾರೂ ಸುಳಿಯದ ಗುಡ್ಡದಲ್ಲಿದೆಯೇ, ಶಾಲೆಯ ಹಿತ್ತಲಲ್ಲಿದೆಯೇ ಎಂಬುದರ ಮೇಲೆ ಅನಾಹುತದ ಸಾಧ್ಯತೆ ನಿಂತಿದೆ. ವಿಷವಸ್ತುವಿಗೂ ಇದೇ ಮಾತು ಸಲ್ಲುತ್ತದೆ. ಅದರ ತೀಕ್ಷ್ಣತೆ ಮಾತ್ರ ತಿಳಿದರೆ ಸಾಲದು. ಅದು ಯಾರ ಮೈಗೆ, ಯಾವ ದಾರಿಯಿಂದ, ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ಸೇರುತ್ತದೆ ಎಂಬುದೂ ಗೊತ್ತಾಗಬೇಕು.

ನಾಲ್ಕು ಹಂತಗಳು

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1983ರಲ್ಲಿ ಪ್ರಕಟಿಸಿದ, ಹೊದಿಕೆಯ ಬಣ್ಣದಿಂದಾಗಿ ‘ಕೆಂಪು ಪುಸ್ತಕ’ವೆಂದೇ ಹೆಸರಾದ ವರದಿ ಈ ವಿಧಾನವನ್ನು ನಾಲ್ಕು ಹಂತಗಳಲ್ಲಿ ಜೋಡಿಸಿತು. ಮೊದಲನೆಯದು ಹಾನಿಕಾರಕ ಗುಣದ ಗುರುತಿಸುವಿಕೆ: ಈ ವಸ್ತುವಿನಿಂದ ಯಾವ ಕಾಯಿಲೆ ಬರಬಹುದು? ಎರಡನೆಯದು ಪ್ರಮಾಣ ಮತ್ತು ಪರಿಣಾಮಗಳ ಸಂಬಂಧ: ಎಷ್ಟು ಸೇರಿದರೆ ಎಷ್ಟು ಕೆಡುಕು? ಮೂರನೆಯದು ಒಡ್ಡಿಕೆಯ ಅಂದಾಜು: ಜನರಿಗೆ ಅದು ನಿಜಕ್ಕೂ ಎಷ್ಟು ತಗಲುತ್ತಿದೆ? ನಾಲ್ಕನೆಯದು ಈ ಮೂರನ್ನೂ ಕೂಡಿಸಿ, ಅನಿಶ್ಚಿತತೆ ಎಲ್ಲೆಲ್ಲಿದೆ ಎಂದು ಹೇಳಿ, ಅಪಾಯದ ಒಟ್ಟು ಸ್ವರೂಪವನ್ನು ನಿರೂಪಿಸುವುದು. ಮೊದಲೆರಡು ಹಂತಗಳನ್ನು ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲಿ ಮುಗಿಸಬಹುದು. ಮೂರನೆಯದಕ್ಕೆ ಊರಿಗೇ ಹೋಗಬೇಕು.

ಸುರಕ್ಷಿತ ಮಿತಿಯ ಲೆಕ್ಕ

ಎಂಡೋಸಲ್ಫಾನ್‌ನ ದೈನಂದಿನ ಸೇವನೆಯ ಮಿತಿ ನಿಗದಿಯಾದ ಬಗೆ ಇಂಥ ಲೆಕ್ಕಕ್ಕೆ ಒಳ್ಳೆಯ ನಿದರ್ಶನ. ಎರಡು ವರ್ಷ ಇಲಿಗಳಿಗೆ ಉಣಿಸಿ ನಡೆಸಿದ ಪ್ರಯೋಗದಲ್ಲಿ, ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.6 ಮಿಲಿಗ್ರಾಂ ಪ್ರಮಾಣದವರೆಗೆ ದುಷ್ಪರಿಣಾಮ ಕಾಣಿಸಲಿಲ್ಲ. ಇಲಿಗಿಂತ ಮನುಷ್ಯ ಸೂಕ್ಷ್ಮನಾಗಿರಬಹುದೆಂದು ಇದನ್ನು ಹತ್ತರಿಂದ ಭಾಗಿಸುತ್ತಾರೆ. ಮನುಷ್ಯರಲ್ಲೂ ಮಗು, ಮುದುಕ, ಬಸುರಿ, ರೋಗಿ ಎಲ್ಲರ ತಾಳಿಕೆ ಒಂದೇ ಅಲ್ಲವೆಂದು ಮತ್ತೆ ಹತ್ತರಿಂದ ಭಾಗಿಸುತ್ತಾರೆ. ಹೀಗೆ 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಭೆ ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ 0.006 ಮಿಲಿಗ್ರಾಂ ಎಂಬ ಮಿತಿಯನ್ನು ಗೊತ್ತುಮಾಡಿತು. ಅದರಂತೆ 60 ಕಿಲೋ ತೂಗುವ ವಯಸ್ಕರಿಗೆ ದಿನಕ್ಕೆ 0.36 ಮಿಲಿಗ್ರಾಂ, 15 ಕಿಲೋ ತೂಗುವ ಮಗುವಿಗೆ 0.09 ಮಿಲಿಗ್ರಾಂ.

ಇಲ್ಲಿ 0.6 ಎಂಬ ಅಂಕಿ ಅಳತೆಯಿಂದ ಬಂದದ್ದು. ನೂರು ಎಂಬ ಭಾಜಕ ತಿಳಿಯದ್ದಕ್ಕೆಂದು ಬಿಟ್ಟ ಅಂತರ. ಈ ಅಂತರ ನೂರೇ ಏಕೆ, ಐವತ್ತು ಅಥವಾ ಸಾವಿರ ಏಕಲ್ಲ ಎಂಬ ಪ್ರಶ್ನೆಗೆ ಅನುಭವ ಮತ್ತು ವಿವೇಚನೆಯೇ ಉತ್ತರ. ಅಂದರೆ ಶುದ್ಧ ಲೆಕ್ಕದಂತೆ ಕಾಣುವ ಮಿತಿಯೊಳಗೂ ಎಚ್ಚರಿಕೆಯ ಒಂದು ಆಯ್ಕೆ ಅಡಗಿದೆ.

ಎಂಡೋಸಲ್ಫಾನ್ ಪ್ರಕರಣ

ಎಂಡೋಸಲ್ಫಾನ್ 1950ರ ದಶಕದಲ್ಲಿ ಬಳಕೆಗೆ ಬಂದ, ಕ್ಲೋರಿನ್ ಇರುವ ಸಾವಯವ ಕೀಟನಾಶಕ. ಕೀಟಗಳ ನರಮಂಡಲದ ಮೇಲೆ ಕೆಲಸ ಮಾಡುವ ಇದು ಮೀನುಗಳಿಗೆ ಅತಿ ವಿಷಕಾರಿ. ಮಣ್ಣಿನಲ್ಲಿ ಇದು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಟ್ಟು ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಗೇರಿನ ಚಿಗುರು ಮತ್ತು ಹೂಗೊಂಚಲಿನ ರಸ ಹೀರಿ ಕರಟಿಸುವ ಟೀ ಸೊಳ್ಳೆಯನ್ನು (ಹೆಸರಿಗೆ ಸೊಳ್ಳೆಯಾದರೂ ಇದೊಂದು ತಿಗಣೆ) ಹತೋಟಿಗೆ ತರಲು ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ ಕಾಸರಗೋಡಿನ ತನ್ನ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಇದನ್ನು ಸಿಂಪಡಿಸಿತು. ದಕ್ಷಿಣ ಕನ್ನಡದ ಗೇರು ತೋಟಗಳಲ್ಲೂ ವೈಮಾನಿಕ ಸಿಂಪಡಣೆ ನಡೆಯಿತು.

ನೋಂದಣಿಯ ಲೆಕ್ಕದಲ್ಲಿ ಬಿಟ್ಟುಹೋದದ್ದು ಈ ನಾಡಿನ ನೆಲದ ರಚನೆ. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ ಮೊದಲಾದ ಕನ್ನಡ, ತುಳು ಮಾತಿನ ಊರುಗಳಲ್ಲಿ ಗೇರು ಇರುವುದು ಗುಡ್ಡದ ನೆತ್ತಿಯಲ್ಲಿ. ಮನೆ, ಅಡಿಕೆ ತೋಟ, ಶಾಲೆ ಇರುವುದು ಕೆಳಗಿನ ಕಣಿವೆಯಲ್ಲಿ. ಇಲ್ಲಿ ಅನೇಕರು ಕುಡಿಯುವುದು ಸುರಂಗದ ನೀರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಳಗೆ ಒಸರುವ ನೀರನ್ನು ಹೊರಗಿನ ಮದಕಕ್ಕೆ ಹರಿಸಿಕೊಳ್ಳುವ ವ್ಯವಸ್ಥೆ ಇದು. ಗುಡ್ಡಕ್ಕೆ ಸುರಿದ ಮಳೆಯೇ ಸುರಂಗದಲ್ಲಿ ಒಸರುತ್ತದೆ, ತೋಡಿನಲ್ಲಿ ಹರಿಯುತ್ತದೆ. ಏರುತಗ್ಗಿನ ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಮರದ ತುದಿಗೆ ಅಂಟಿಕೊಂಡು ಹಾರುವಂತಿರಲಿಲ್ಲ. ಎತ್ತರದಿಂದ ಬಿದ್ದ ಮಂಜಿನಂಥ ಹನಿಗಳನ್ನು ಗಾಳಿ ಕಣಿವೆಗೆ ಒಯ್ಯುತ್ತಿತ್ತು. ಸಿಂಪಡಿಸುವಾಗ ಬಾವಿ, ಕೆರೆಗಳನ್ನು ಮುಚ್ಚಬೇಕೆಂಬ ಎಚ್ಚರಿಕೆಯನ್ನು ತೆರೆದ ತೋಡಿಗೂ ಇಡೀ ಗುಡ್ಡಕ್ಕೂ ಅನ್ವಯಿಸುವುದು ಸಾಧ್ಯವಿರಲಿಲ್ಲ.

ಒಡ್ಡಿಕೆಯ ಮೊದಲ ಸುಳಿವು ಸಿಕ್ಕಿದ್ದು ಸ್ಥಳೀಯರಿಂದ. ಮುಂದೆ ‘ಅಡಿಕೆ ಪತ್ರಿಕೆ’ಯಿಂದ ಹೆಸರಾದ ಪತ್ರಕರ್ತ ಶ್ರೀಪಡ್ರೆ, ಕಾಲು ತಿರುಚಿಕೊಂಡು ಹುಟ್ಟಿದ ಕರುಗಳ ಬಗ್ಗೆ ಆರಂಭದ ವರ್ಷಗಳಲ್ಲೇ ಬರೆದಿದ್ದರು. ಈ ಊರುಗಳಲ್ಲೇ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್, ತಮ್ಮಲ್ಲಿಗೆ ಬರುವ ನರದೌರ್ಬಲ್ಯ, ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ರೋಗಿಗಳಲ್ಲಿ ಹಲವರ ಮನೆಗಳು ತೋಡಿನ ಆಸುಪಾಸಿನಲ್ಲಿರುವುದನ್ನು ಗಮನಿಸಿದರು.

ಪರಸ್ಪರ ಒಪ್ಪದ ವರದಿಗಳು

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಉಳಿಕೆ ಇದೆಯೆಂದು ಪ್ರಕಟಿಸಿತು. ಅದೇ ವರ್ಷ ಮತ್ತೊಂದು ಸಂಸ್ಥೆಯ ಪರೀಕ್ಷೆ ರಕ್ತದಲ್ಲಿ ಏನೂ ಇಲ್ಲವೆಂದಿತು. ಎಂಡೋಸಲ್ಫಾನ್ ರಕ್ತದಲ್ಲಿ ದೀರ್ಘಕಾಲ ನಿಲ್ಲುವ ವಸ್ತುವಲ್ಲ; ಆದ್ದರಿಂದ ಮಾದರಿ ತೆಗೆದ ಕಾಲ, ತೆಗೆದ ಜಾಗ ಮತ್ತು ಉಪಕರಣದ ಪತ್ತೆಮಿತಿ ಉತ್ತರವನ್ನೇ ಬದಲಿಸಬಲ್ಲವು. ‘ಪತ್ತೆಯಾಗಲಿಲ್ಲ’ ಎಂಬ ವಾಕ್ಯವನ್ನು ‘ಒಡ್ಡಿಕೆ ಇರಲಿಲ್ಲ’ ಎಂದು ಓದುವುದು ಈ ಕ್ಷೇತ್ರದ ಸಾಮಾನ್ಯ ತಪ್ಪು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಗೇರುಗುಡ್ಡದ ಬುಡದ ಊರಿನ 117 ಶಾಲಾ ಬಾಲಕರನ್ನು, ಸಿಂಪಡಣೆಯಿಲ್ಲದ ಊರಿನ 90 ಬಾಲಕರೊಂದಿಗೆ ಹೋಲಿಸಿ 2003ರಲ್ಲಿ ಪ್ರಬಂಧ ಪ್ರಕಟಿಸಿದರು. ರಕ್ತಸಾರದಲ್ಲಿ ಎಂಡೋಸಲ್ಫಾನ್‌ನ ಸರಾಸರಿ ಪ್ರಮಾಣ ಮೊದಲ ಗುಂಪಿನಲ್ಲಿ ಶತಕೋಟಿಗೆ 7.47 ಭಾಗ, ಎರಡನೆಯದರಲ್ಲಿ 1.37 ಭಾಗ ಇತ್ತು. ಮೊದಲ ಗುಂಪಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ, ಪುರುಷ ಹಾರ್ಮೋನಿನ ಉತ್ಪಾದನೆಗೆ ತೊಡಕಾಗಿರಬಹುದು ಎಂದು ಅಧ್ಯಯನ ಸೂಚಿಸಿತು. ಗುಂಪು ಚಿಕ್ಕದು, ಬೇರೆ ಕಾರಣಗಳೂ ಇರಬಹುದು ಎಂಬ ಆಕ್ಷೇಪಣೆಗಳು ಬಂದವು. ಕೇಂದ್ರ ಸರ್ಕಾರ ನೇಮಿಸಿದ ದುಬೆ ಸಮಿತಿ ಮತ್ತು ಮಾಯಿ ಸಮಿತಿ, ಕಾಯಿಲೆಗಳಿಗೂ ಕೀಟನಾಶಕಕ್ಕೂ ನಂಟು ಸಾಬೀತಾಗಿಲ್ಲ ಎಂಬ ನಿಲುವಿಗೆ ಬಂದವು. ಪ್ರತಿಯೊಂದು ಕಾಯಿಲೆಯ ಕಾರಣವನ್ನೂ ಒಂದೇ ರಾಸಾಯನಿಕದ ತಲೆಗೆ ಕಟ್ಟಬಹುದೇ ಎಂಬುದು ಒಂದು ಪ್ರಶ್ನೆ. ಇಂಥ ಜಾಗದಲ್ಲಿ ಇಂಥ ರಾಸಾಯನಿಕವನ್ನು ಆಕಾಶದಿಂದ ಸುರಿಯಬಹುದೇ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಹೇಳಲು ಮೊದಲನೆಯದು ತೀರ್ಮಾನವಾಗುವವರೆಗೆ ಕಾಯಬೇಕಿಲ್ಲ. ವಾದ ಬೆಳೆದದ್ದು ಬಹುಪಾಲು ಇವೆರಡನ್ನೂ ಒಂದೇ ಎಂದು ಭಾವಿಸಿದ್ದರಿಂದ.

ನಿಷೇಧ

2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನ್ ಬಳಕೆಯನ್ನು ತಡೆಹಿಡಿಯಿತು. ಉತ್ತರ ಧ್ರುವ ಪ್ರದೇಶದ ಗಾಳಿ, ಜೀವಿಗಳಲ್ಲೂ ಇದರ ಉಳಿಕೆ ಕಂಡಿದ್ದರಿಂದ, ಆ ವರ್ಷದ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಕೆಲವು ಬೆಳೆ ಮತ್ತು ಕೀಟಗಳಿಗೆ ತಾತ್ಕಾಲಿಕ ವಿನಾಯಿತಿಯಿಟ್ಟು ಇದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಉತ್ಪಾದನೆ, ಮಾರಾಟ, ಬಳಕೆಗೆ ತಡೆ ನೀಡಿತು. 2017ರ ಜನವರಿಯಲ್ಲಿ, ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಕರ್ನಾಟಕದ ಕರಾವಳಿ ಜಿಲ್ಲೆಗಳಲ್ಲಿ ಸಂತ್ರಸ್ತರಿಗೆ ಮಾಸಾಶನವಿದೆ. ದಕ್ಷಿಣ ಕನ್ನಡದ ಕೊಕ್ಕಡ ಮತ್ತು ಕೊಯಿಲದಲ್ಲಿ ಪಾಲನಾ ಕೇಂದ್ರಗಳನ್ನು ತೆರೆಯಲಾಯಿತು.

ಮುನ್ನೆಚ್ಚರಿಕೆಯ ತತ್ತ್ವ ಮತ್ತು ಭಾರತದ ಕಾನೂನು

ಸರಿಪಡಿಸಲಾಗದ ಹಾನಿಯ ಭೀತಿ ಇದ್ದಾಗ, ಪೂರ್ಣ ವೈಜ್ಞಾನಿಕ ಖಚಿತತೆ ಇಲ್ಲವೆಂಬ ನೆಪದಲ್ಲಿ ತಡೆಯ ಕ್ರಮವನ್ನು ಮುಂದೂಡಬಾರದು ಎಂಬುದು 1992ರ ರಿಯೋ ಘೋಷಣೆಯ 15ನೆಯ ತತ್ತ್ವ. ತಮಿಳುನಾಡಿನ ಚರ್ಮ ಹದಗಾರಿಕೆಗಳಿಗೆ ಸಂಬಂಧಿಸಿದ ವೆಲ್ಲೂರು ನಾಗರಿಕರ ವೇದಿಕೆಯ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ದೇಶದ ಕಾನೂನಿನ ಭಾಗವೆಂದು ಸಾರಿ, ತನ್ನ ಚಟುವಟಿಕೆ ನಿರುಪದ್ರವಿ ಎಂದು ತೋರಿಸುವ ಹೊಣೆ ಉದ್ಯಮಿಯದೇ ಎಂದಿತು. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ ಈ ತತ್ತ್ವವನ್ನು ಪಾಲಿಸುವಂತೆ ಮಂಡಳಿಗೆ ವಿಧಿಸುತ್ತದೆ. ಭೋಪಾಲ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1994ರಲ್ಲಿ ಮೊದಲು ಹೊರಬಿದ್ದು 2006ರಲ್ಲಿ ಪರಿಷ್ಕೃತವಾದ ಅಧಿಸೂಚನೆಯಂತೆ, ನಿಗದಿತ ಯೋಜನೆಗಳು ಪರಿಸರ ಪರಿಣಾಮದ ಅಧ್ಯಯನ ನಡೆಸಿ ಅನುಮತಿ ಪಡೆಯಬೇಕು.

ಮಿತಿಗಳು

ಈ ವಿಧಾನ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ವಸ್ತುವನ್ನು ಅಳೆಯುತ್ತದೆ. ಜನ ಹಲವನ್ನು ಒಟ್ಟಿಗೆ ಉಸಿರಾಡುತ್ತಾರೆ, ಉಣ್ಣುತ್ತಾರೆ. ಅಂಕಿಅಂಶ ಒದಗಿಸುವ ಸಂಸ್ಥೆಗೇ ಆ ವಸ್ತುವಿನ ಮಾರಾಟದಲ್ಲಿ ಹಿತಾಸಕ್ತಿ ಇದ್ದಾಗ ಸಂಶಯ ಸಹಜ. ಇನ್ನೊಂದು ಕಡೆ, ಭೀತಿಯೊಂದನ್ನೇ ನೆಚ್ಚಿ ನಿಷೇಧಿಸಿದರೆ ಅದರ ಜಾಗಕ್ಕೆ ಬರುವ ವಸ್ತು ಹೆಚ್ಚು ಕೆಟ್ಟದ್ದಾಗಿರಲೂಬಹುದು. ಆದ್ದರಿಂದ ಬದಲಿಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಮೊದಲಿನ ದಾಖಲೆಯದು. ಎಂಡೋಸಲ್ಫಾನ್ ಸಿಂಪಡಣೆಗೆ ಮುನ್ನ ಗೇರುಗುಡ್ಡಗಳ ಬುಡದ ನೀರು, ಜನನ, ಕಾಯಿಲೆಗಳ ವ್ಯವಸ್ಥಿತ ಲೆಕ್ಕ ಇದ್ದಿದ್ದರೆ ಊರನ್ನು ಅದರ ಹಿಂದಿನ ಸ್ಥಿತಿಯೊಂದಿಗೇ ಹೋಲಿಸಬಹುದಿತ್ತು. ಅದಿಲ್ಲದ್ದರಿಂದ ಸಂಶೋಧಕರು ಎರಡು ದಶಕಗಳ ಬಳಿಕ ಬೇರೊಂದು ಊರಿನ ಮಕ್ಕಳನ್ನು ಹೋಲಿಕೆಗೆ ಹಿಡಿಯಬೇಕಾಯಿತು. ಆ ಅಧ್ಯಯನದ ಮೇಲೆ ಬಂದ ಆಕ್ಷೇಪಣೆಗಳೂ ಬಹುಮಟ್ಟಿಗೆ ಆ ಹೋಲಿಕೆಯನ್ನೇ ಕುರಿತವು.