ಮಾಂತ್ರಿಕನಿಗೆ ಕಡಿವಾಣ: ಆಕ್ಲೆಂಡಿನ ಮೇಜಿನಾಟವೊಂದರ ಮನೆನಿಯಮಗಳ ಚರಿತ್ರೆ

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಮಾಂತ್ರಿಕನ ಪಾತ್ರ ಮೊದಲಿನಿಂದಲೂ ತಕರಾರಿನದು. ಕತ್ತಿ ಹಿಡಿದವನು ಒಂದು ಏಟಿಗೆ ಒಬ್ಬನನ್ನು ಬೀಳಿಸಿದರೆ, ಮಂತ್ರ ಬಲ್ಲವನು ಒಂದು ಬೆಂಕಿಯುಂಡೆಯಿಂದ ಗುಂಪನ್ನೇ ಸುಡುತ್ತಾನೆ. ಬೀಗವಾಗಲಿ ಗೋಡೆಯಾಗಲಿ ಅವನನ್ನು ತಡೆಯುವುದಿಲ್ಲ. ಹಾಗಾದರೆ ಉಳಿದವರಿಗೆ ಆಟದಲ್ಲಿ ಏನು ಕೆಲಸ? ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಆಟಗಾರರು ಈ ಪ್ರಶ್ನೆಯನ್ನು ಎದುರಿಸಿದ ಬಗೆ ಈ ಲೇಖನದ ವಸ್ತು. ಹಲವು ಮೇಜುಗಳು ಒಂದೇ ಲೋಕವನ್ನು ಹಂಚಿಕೊಂಡಾಗಲೇ ಮನೆನಿಯಮಕ್ಕೆ ಶಾಸನದ ಗಟ್ಟಿತನ ಬರುತ್ತದೆ ಎಂಬುದು ನನ್ನ ವಾದ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಹೊರಬಂತು. ಅದರ ಮಂತ್ರಪದ್ಧತಿಯ ಬೇರು ಜ್ಯಾಕ್ ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ ‘ದಿ ಡೈಯಿಂಗ್ ಅರ್ತ್’ ಕಥೆಗಳಲ್ಲಿದೆ: ಮಂತ್ರವನ್ನು ಕಂಠಪಾಠ ಮಾಡಬೇಕು, ಒಮ್ಮೆ ಉಚ್ಚರಿಸಿದರೆ ಅದು ನೆನಪಿನಿಂದ ಅಳಿಸಿಹೋಗುತ್ತದೆ. ಮೊದಲ ಹಂತದ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಹಲವರಿಗೆ ಇದು ಒಗ್ಗಲಿಲ್ಲ. ನಮ್ಮ ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗಬಾರದೆಂಬ ಕಟ್ಟಳೆ ಕೆಲವು ಮನೆಗಳಲ್ಲಿ ಇದ್ದು ಕೆಲವು ಮನೆಗಳಲ್ಲಿ ಇಲ್ಲದಿರುವಂತೆ, ಈ ಆಟಕ್ಕೂ ಮೇಜಿಗೊಂದು ಕಟ್ಟಳೆ ಹುಟ್ಟಿತು. 1975ರ ‘ಟನಲ್ಸ್ ಅಂಡ್ ಟ್ರೋಲ್ಸ್’ ಆಟದಲ್ಲಿ ಕೆನ್ ಸೇಂಟ್ ಆಂಡ್ರೆ ಮಂತ್ರದ ಬೆಲೆಯನ್ನು ಮಾಂತ್ರಿಕನ ಮೈಬಲದಿಂದಲೇ ಕಳೆದರು. 1977ರಲ್ಲಿ ಡೇವ್ ಹಾರ್ಗ್ರೇವ್ ಅವರ ‘ಅರ್ಡುಯಿನ್’ ಪುಸ್ತಕ ಮಂತ್ರಶಕ್ತಿಯನ್ನು ಅಂಕಗಳಲ್ಲಿ ಅಳೆಯಿತು. ಗೈಗ್ಯಾಕ್ಸ್ ಮಾತ್ರ ತಮ್ಮ ಪದ್ಧತಿಯನ್ನು ಬಿಟ್ಟುಕೊಡಲಿಲ್ಲ. 1976ರ ಏಪ್ರಿಲ್‌ನಲ್ಲೇ ‘ದಿ ಸ್ಟ್ರಾಟೆಜಿಕ್ ರಿವ್ಯೂ’ ಪತ್ರಿಕೆಯಲ್ಲಿ ಲೇಖನ ಬರೆದು ಅದನ್ನು ಸಮರ್ಥಿಸಿಕೊಂಡಿದ್ದರು.

ಆಕ್ಲೆಂಡಿನ ಕಥೆಗೆ ಬೇಕಾದ ಆಟ ಇವುಗಳಲ್ಲಿ ಯಾವುದೂ ಅಲ್ಲ. ಅದು ನ್ಯೂಯಾರ್ಕಿನ ಎಸ್‌ಪಿಐ ಸಂಸ್ಥೆ 1980ರಲ್ಲಿ ತಂದ, ಎರಿಕ್ ಗೋಲ್ಡ್‌ಬರ್ಗ್ ವಿನ್ಯಾಸದ ‘ಡ್ರಾಗನ್‌ಕ್ವೆಸ್ಟ್’. ಯುದ್ಧದಾಟಗಳಿಗೆ ಹೆಸರಾಗಿದ್ದ ಸಂಸ್ಥೆಯದು ಲೆಕ್ಕಾಚಾರದ ಮನಸ್ಸು, ಅದರ ಗುರುತು ಮಂತ್ರದ ಅಧ್ಯಾಯದಲ್ಲಿ ಎದ್ದು ಕಾಣುತ್ತದೆ. ಇಲ್ಲಿ ಮಂತ್ರವಿದ್ಯೆ ಗಾಳಿ, ನೀರು, ಬೆಂಕಿ, ಭೂಮಿ, ಮಾಯೆ, ಮನಸ್ಸು ಎಂದು ಹಲವು ಕಾಲೇಜುಗಳಾಗಿ ಹಂಚಿಹೋಗಿದೆ. ಒಂದರ ಶಿಷ್ಯನಿಗೆ ಇನ್ನೊಂದರ ವಿದ್ಯೆ ಸಿಗದು. ಪ್ರತಿ ಮಂತ್ರಕ್ಕೂ ‘ಫಟೀಗ್’ ಅಂಕ, ಅಂದರೆ ಕಸುವು, ಖರ್ಚಾಗುತ್ತದೆ. ಕಾದಾಟದಲ್ಲಿ ಬಿದ್ದ ಏಟು ಮೊದಲು ಕಳೆಯುವುದೂ ಅದೇ ಅಂಕಗಳನ್ನು. ಮಂತ್ರಕ್ಕೆ ಧಾರಾಳವಾಗಿ ಖರ್ಚು ಮಾಡಿದವನ ಮೈಗೆ ಮುಂದಿನ ಏಟನ್ನು ತಡೆಯುವ ಶಕ್ತಿ ಇರುವುದಿಲ್ಲ. ಈ ಒಂದೇ ಉಪಾಯ ಹತ್ತು ನಿಷೇಧಗಳಿಗೆ ಸಮ ಎಂದು ನಾನು ಭಾವಿಸುತ್ತೇನೆ.

ಅದರ ಮೇಲೆ, ಮಂತ್ರ ಫಲಿಸುವುದೇ ಖಚಿತವಲ್ಲ. ನೂರರ ಲೆಕ್ಕದ ದಾಳ ಉರುಳಿಸಬೇಕು. ಗುರಿಯ ಅಂಕಿಯನ್ನು ಬಹಳ ಮೀರಿದರೆ ಮಂತ್ರ ಹಾಕಿದವನಿಗೇ ತಿರುಗಿ ಬಡಿಯುತ್ತದೆ. ಐದು ಸೆಕೆಂಡಿನ ಒಂದು ‘ಪಲ್ಸ್’ ಸಿದ್ಧತೆಗೇ ಹೋಗುತ್ತದೆ. ಮೈಗೆ ಕಬ್ಬಿಣ ತಾಗಿದ್ದರೆ ಮಂತ್ರ ಹಾಕುವಂತೆಯೇ ಇಲ್ಲ. ಹಾಗಾಗಿ ಕಬ್ಬಿಣದ ಕವಚ ತೊಟ್ಟು ಮಂತ್ರ ಹೇಳುವ ದಾರಿ ಮುಚ್ಚಿದೆ.

1982ರಲ್ಲಿ ಎಸ್‌ಪಿಐ ಸಾಲದ ಸುಳಿಗೆ ಸಿಕ್ಕಿ, ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಪ್ರಕಾಶಕ ಟಿಎಸ್‌ಆರ್ ಸಂಸ್ಥೆಯ ಕೈಸೇರಿತು. ಟಿಎಸ್‌ಆರ್ 1989ರಲ್ಲಿ ಡ್ರಾಗನ್‌ಕ್ವೆಸ್ಟಿನ ಮೂರನೆಯ ಆವೃತ್ತಿ ತಂದಿತು, ಆದರೆ ಕ್ಷುದ್ರವಿದ್ಯೆಯ ಮತ್ತು ದೆವ್ವಗಳನ್ನು ಕರೆಯುವ ಕಾಲೇಜುಗಳನ್ನು ಕಿತ್ತುಹಾಕಿತು. ಅಲ್ಲಿಗೆ ಅಚ್ಚಿನ ಚರಿತ್ರೆ ಮುಗಿಯಿತು.

ಆಕ್ಲೆಂಡಿನಲ್ಲಿ ಮುಗಿಯಲಿಲ್ಲ. ಸೀಗೇಟ್ ಅಡ್ವೆಂಚರರ್ಸ್ ಗಿಲ್ಡ್ ಎಂಬ ಹೆಸರಿನಲ್ಲಿ ಅಲ್ಲಿನ ಆಟಗಾರರು ದಶಕಗಳಿಂದ ಒಂದೇ ಕಥಾಲೋಕದಲ್ಲಿ ಈ ಆಟವನ್ನು ಮುಂದುವರಿಸಿದ್ದಾರೆ. ಆ ಲೋಕದ ಹೆಸರು ಅಲೂಸಿಯಾ; ಎಸ್‌ಪಿಐ ಪ್ರಕಟಿಸಿದ ನಕ್ಷೆಯಿಂದ ಬಂದ ಹೆಸರದು. ಇಲ್ಲಿನ ವಿಶೇಷವೆಂದರೆ ಆಟ ನಡೆಸುವ ಗೇಮ್ ಮಾಸ್ಟರ್ ಒಬ್ಬನಲ್ಲ, ಹಲವರು. ಇಂದು ಒಬ್ಬರ ಮೇಜಿನಲ್ಲಿ ಆಡಿದ ಪಾತ್ರ ಮುಂದಿನ ಸಾಹಸಕ್ಕೆ ಇನ್ನೊಬ್ಬರ ಮೇಜಿಗೆ ಹೋಗುತ್ತದೆ, ತನ್ನ ಮಂತ್ರಗಳನ್ನೂ ಗಳಿಕೆಯನ್ನೂ ಹೊತ್ತು. ಒಬ್ಬ ಮಾಸ್ಟರ್ ಸಡಿಲ ಬಿಟ್ಟ ಮಂತ್ರ ಮತ್ತೊಬ್ಬರ ಕಥೆಯನ್ನು ಕೆಡಿಸಬಹುದು. ಸಾಮಾನ್ಯ ಮೇಜಿನಲ್ಲಿ ಇಂಥದ್ದು ಕಣ್ಸನ್ನೆಯಲ್ಲೇ ಬಗೆಹರಿಯುತ್ತದೆ. ಹಲವು ಮೇಜುಗಳಿದ್ದಾಗ ನಿಯಮವನ್ನು ಬರೆದಿಡಲೇಬೇಕು, ಬರೆದದ್ದನ್ನು ಎಲ್ಲರೂ ಒಪ್ಪಬೇಕು. ಹೀಗೆ ಈ ಬಳಗ ತನ್ನದೇ ನಿಯಮಪುಸ್ತಕವನ್ನು ಕಟ್ಟಿಕೊಂಡಿತು. ಕಾಲೇಜುಗಳನ್ನು ತಿದ್ದಿ ಬರೆಯಿತು, ಅಮೆರಿಕದ ಪುಸ್ತಕದಲ್ಲಿಲ್ಲದ ಕಾಲೇಜುಗಳನ್ನೂ ಸೇರಿಸಿತು.

ದೀರ್ಘಕಾಲದ ಆಟ ಇನ್ನೊಂದು ಒತ್ತಡವನ್ನೂ ತರುತ್ತದೆ. ಡ್ರಾಗನ್‌ಕ್ವೆಸ್ಟಿನಲ್ಲಿ ಪ್ರತಿ ಮಂತ್ರಕ್ಕೂ ರ‍್ಯಾಂಕ್ ಉಂಟು. ಅನುಭವದ ಅಂಕ ಮತ್ತು ಅಭ್ಯಾಸದ ಸಮಯ ಎರಡನ್ನೂ ಕೊಟ್ಟು ಅದನ್ನು ಏರಿಸಿಕೊಳ್ಳಬೇಕು. ರ‍್ಯಾಂಕ್ ಏರಿದಂತೆ ಮಂತ್ರದ ಫಲ ಹೆಚ್ಚುತ್ತದೆ. ಕೆಲವೇ ತಿಂಗಳು ಆಡುವವರಿಗೆ ಇದು ಸಮಸ್ಯೆಯಾಗದು. ವರ್ಷಗಟ್ಟಲೆ ಬದುಕುವ ಪಾತ್ರಗಳಿದ್ದಾಗ ಹಳಬರೂ ಹೊಸಬರೂ ಒಂದೇ ಪಯಣಕ್ಕೆ ಹೊರಡುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಪ್ರಕಾಶಕ ಇಲ್ಲದಿದ್ದದ್ದು ಇಲ್ಲಿ ಒಳಿತೇ ಆಯಿತೆಂದು ನನಗನ್ನಿಸುತ್ತದೆ: ಹೊಸ ಆವೃತ್ತಿ ಬಂದು ಹಳೆಯ ತಿದ್ದುಪಡಿಗಳನ್ನು ಕಸದ ಬುಟ್ಟಿಗೆ ಹಾಕುವ ಭಯವಿರಲಿಲ್ಲ.

ಅದೇ ದೇಶದ ಇನ್ನೊಂದು ಉತ್ತರವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ನ್ಯೂಜಿಲೆಂಡಿನ ಮೈಕೆಲ್ ಸ್ಯಾಂಡ್ಸ್ 2012ರಲ್ಲಿ ತಂದ ‘ಮಾನ್‌ಸ್ಟರ್ ಆಫ್ ದಿ ವೀಕ್’ ಆಟದಲ್ಲಿ ಅಂಕಗಳ ಉಗ್ರಾಣವಿಲ್ಲ. ಎರಡು ದಾಳ ಉರುಳಿಸಿ ಪಾತ್ರದ ಗುಣಾಂಕ ಸೇರಿಸಿದಾಗ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಂತ್ರ ನೆಟ್ಟಗೆ ಫಲಿಸುತ್ತದೆ. 7ರಿಂದ 9 ಬಂದರೆ ಫಲಿಸಿದರೂ ಏನಾದರೊಂದು ಎಡವಟ್ಟು ಜೊತೆಗೇ ಬರುತ್ತದೆ. ವಿಚಿತ್ರ ಸಾಮಗ್ರಿ, ಹೆಚ್ಚಿನ ಸಮಯ ಎಂದು ಆಟ ನಡೆಸುವವರು ಬೆಲೆ ಕೇಳಬಹುದು. ಅಳತೆಗೋಲು ಪುಸ್ತಕದಿಂದ ಮೇಜಿನ ವಿವೇಚನೆಗೆ ಬಂದಿದೆ. ಒಂದು ಮೇಜಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಪಾತ್ರಗಳು ಮೇಜಿನಿಂದ ಮೇಜಿಗೆ ಅಲೆಯುವ ಗಿಲ್ಡಿಗೆ ಸಾಲದು.

ಅಚ್ಚಾದ ಆಟಗಳು ಗ್ರಂಥಾಲಯ ಸೇರುತ್ತವೆ, ಮನೆನಿಯಮಗಳು ಮನೆಗಳಲ್ಲೇ ಉಳಿಯುತ್ತವೆ. ವೆಲ್ಲಿಂಗ್ಟನ್ನಿನ ಅಲೆಕ್ಸಾಂಡರ್ ಟರ್ನ್‌ಬುಲ್ ಗ್ರಂಥಾಲಯ ಭಿತ್ತಿಪತ್ರ, ಕರಪತ್ರಗಳಂಥ ಬಿಡಿ ಕಾಗದಗಳನ್ನು ಕೂಡಿಡುವ ಸಂಸ್ಥೆ. ಆಕ್ಲೆಂಡಿನ ನಿಯಮಪುಸ್ತಕದ ಹಳೆಯ ಪ್ರತಿಗಳು, ತಿದ್ದುಪಡಿಯ ಕರಡುಗಳು ಅಲ್ಲಿಗೆ ಸೇರಬೇಕು. ಯಾವ ಮಂತ್ರವನ್ನು ಯಾವಾಗ, ಯಾಕೆ ಬಿಗಿಗೊಳಿಸಿದರು ಎಂದು ಮುಂದಿನ ಸಂಶೋಧಕರು ಸಾಲುಸಾಲಾಗಿ ಹೋಲಿಸಿ ಓದಬೇಕಾದರೆ ಆ ಕೆಲಸ ಈಗಲೇ ಆಗಬೇಕು.