ತುರ್ತು ಚಿಕಿತ್ಸಾ ವಿಭಾಗದ ದಾದಿ: ಕೆಲಸ, ಕಲಿಕೆ, ಮುಂದಿನ ದಾರಿ

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ನರ್ಸಿಂಗ್ ಸೀಟಿಗಾಗಿ ಪತ್ರ ಕೇಳಿಕೊಂಡು ಇಗರ್ಜಿಯ ಕಚೇರಿಗೆ ಬರುವ ತಂದೆತಾಯಿಯರು ಪ್ರತಿ ವರ್ಷವೂ ಇದ್ದಾರೆ. ಅವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಕೋರ್ಸು ಮುಗಿದ ಮೇಲೆ ಗಲ್ಫಿಗೆ ಹೋಗಲು ಎಷ್ಟು ಸಮಯ ಬೇಕು? ಮಗಳು ಯಾವ ಆಸ್ಪತ್ರೆಯ ಯಾವ ವಾರ್ಡಿನಲ್ಲಿ ಕೆಲಸ ಕಲಿಯುತ್ತಾಳೆ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯೇ ಮೊದಲು ಬರಬೇಕೆಂಬುದು ನಮ್ಮ ಅಭಿಪ್ರಾಯ. ಜನ ಕ್ಯಾಶುವಾಲ್ಟಿ ಎಂದು ಕರೆಯುವ ತುರ್ತು ಚಿಕಿತ್ಸಾ ವಿಭಾಗದ ಮಟ್ಟಿಗಂತೂ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಕರಾವಳಿಯವರಿಗೆ ನರ್ಸಿಂಗ್ ಎಂದಾಕ್ಷಣ ಕಂಕನಾಡಿ ನೆನಪಾಗುತ್ತದೆ. 1880ರಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಅಲ್ಲಿ ಆರಂಭಿಸಿದ ಚಿಕ್ಕ ಔಷಧಾಲಯ ಇಂದು ದೊಡ್ಡ ಆಸ್ಪತ್ರೆಯಾಗಿ, ನರ್ಸಿಂಗ್ ವಿದ್ಯಾಸಂಸ್ಥೆಗಳಾಗಿ ಬೆಳೆದಿದೆ. ಆದರೆ ತುರ್ತು ವಿಭಾಗದ ಕೆಲಸದ ಭಾರ ತಿಳಿಯಬೇಕಾದರೆ ಘಟ್ಟ ಹತ್ತಿ ಚಿತ್ರದುರ್ಗದ ಕಡೆಗೂ ನೋಡಬೇಕು. ಮಂಗಳೂರಿನಿಂದ ಕಾರ್ಕಳ, ತೀರ್ಥಹಳ್ಳಿ, ಶಿವಮೊಗ್ಗಗಳ ಮೇಲೆ ಸೊಲ್ಲಾಪುರಕ್ಕೆ ಹೋಗುತ್ತಿದ್ದ ಹಳೆಯ 13ನೇ ರಾಷ್ಟ್ರೀಯ ಹೆದ್ದಾರಿಯು ಬೆಂಗಳೂರು-ಪುಣೆ ಹೆದ್ದಾರಿಯನ್ನು ಸಂಧಿಸುವುದು ಅಲ್ಲೇ. ಹಗಲು ರಾತ್ರಿ ಲಾರಿ, ಬಸ್ಸುಗಳು ಓಡುವ ಆ ದಾರಿಯಲ್ಲಿ ಅಪಘಾತವಾದರೆ ಗಾಯಾಳುಗಳು ಮೊದಲು ತಲುಪುವುದು ಹಿರಿಯೂರಿನ ತಾಲೂಕು ಆಸ್ಪತ್ರೆಗೆ ಅಥವಾ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ. 2020ರ ಆಗಸ್ಟ್ 12ರ ನಸುಕಿನಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸಿಗೆ ಹಿರಿಯೂರು ಬಳಿ ಬೆಂಕಿ ಹತ್ತಿ, ಮಕ್ಕಳೂ ಸೇರಿ ಐವರು ಅಸುನೀಗಿದರು. ಅಂಥ ಹೊತ್ತಿನಲ್ಲಿ ಒಮ್ಮೆಗೇ ಹತ್ತಾರು ಮಂದಿಯನ್ನು ಬರಮಾಡಿಕೊಳ್ಳುವವರು ರಾತ್ರಿ ಪಾಳಿಯ ಒಬ್ಬಿಬ್ಬರು ದಾದಿಯರು.

ಅವರ ಮೊದಲ ಕೆಲಸ ಚಿಕಿತ್ಸೆಯಲ್ಲ, ವಿಂಗಡಣೆ. ಇದನ್ನು ಟ್ರಯಾಜ್ ಎನ್ನುತ್ತಾರೆ. ತಕ್ಷಣ ನೋಡದಿದ್ದರೆ ಉಳಿಯದವರಿಗೆ ಕೆಂಪು, ತುಸು ಕಾಯಬಲ್ಲವರಿಗೆ ಹಳದಿ, ನಡೆದಾಡುವ ಸಣ್ಣ ಗಾಯದವರಿಗೆ ಹಸಿರು ಪಟ್ಟಿ. ಜೋರಾಗಿ ಕಿರುಚುವವನು ಹೆಚ್ಚಾಗಿ ಕೆಂಪು ಪಟ್ಟಿಯವನಲ್ಲ. ಕಿರುಚಲು ಉಸಿರು ಬೇಕಲ್ಲವೇ! ಮೂಲೆಯಲ್ಲಿ ಸದ್ದಿಲ್ಲದೆ ಬೆವರುತ್ತಾ ಮಲಗಿದವನನ್ನು ಮೊದಲು ನೋಡಬೇಕೆಂಬುದು ಪುಸ್ತಕದಲ್ಲಿಯೂ ಇದೆ, ಆದರೆ ಕೈಗೆ ಬರುವುದು ಪಾಳಿ ಮಾಡಿದ ಮೇಲೆಯೇ. ಪಾಳಿ ಬದಲಾಗುವಾಗ ಆಮ್ಲಜನಕದ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ, ಸಕ್ಷನ್ ಯಂತ್ರ ಎಳೆಯುತ್ತದೆಯೇ, ಲ್ಯಾರಿಂಗೋಸ್ಕೋಪಿನ ದೀಪ ಉರಿಯುತ್ತದೆಯೇ, ತುರ್ತು ಔಷಧಿಯ ಗಾಡಿಯಲ್ಲಿ ಅಡ್ರಿನಲಿನ್ ಇದೆಯೇ ಎಂದು ನೋಡುವುದೂ ದಾದಿಯ ಹೊಣೆ.

ಹೊಸದುರ್ಗ, ಹೊಳಲ್ಕೆರೆಗಳಂಥ ಹೊಲಗದ್ದೆಯ ಸೀಮೆಯಲ್ಲಿ ಹೆದ್ದಾರಿಯಷ್ಟೇ ಹಾವೂ ಕೆಲಸ ಕೊಡುತ್ತದೆ. ಹಾವು ಕಚ್ಚಿದವರ ರಕ್ತಕ್ಕೆ ವಿಷ ತಟ್ಟಿದೆಯೇ ಎಂದು ತಿಳಿಯುವ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಶುದ್ಧವಾದ, ಒಣಗಿದ ಗಾಜಿನ ನಳಿಕೆಯಲ್ಲಿ 2 ಮಿಲಿಲೀಟರ್ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು ಬಾಗಿಸಿ ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಪ್ರತಿವಿಷ ಕೊಡಬೇಕು. ನಳಿಕೆ ಪ್ಲಾಸ್ಟಿಕ್ಕಿನದಾಗಿದ್ದರೆ ಅಥವಾ ಅದನ್ನು ಸೋಪಿನ ಪುಡಿಯಿಂದ ತೊಳೆದಿದ್ದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ಪ್ರತಿವಿಷವೇ ಕೆಲವರಿಗೆ ಒಗ್ಗದೆ ರಕ್ತದೊತ್ತಡ ಕುಸಿಯುವುದುಂಟು. ಆದ್ದರಿಂದ ಅದನ್ನು ಹನಿಸುವ ಮೊದಲೇ ಅಡ್ರಿನಲಿನ್ ಸಿರಿಂಜಿನಲ್ಲಿ ಸಿದ್ಧವಿರಬೇಕು. ಕೀಟನಾಶಕ ಹೊಟ್ಟೆಗೆ ಹೋದವರು ಬಂದರೆ ಕೈಗವಸು ಹಾಕಿಕೊಂಡು ಬಟ್ಟೆ ತೆಗೆಸಿ, ಮೈಯನ್ನು ಸೋಪು ನೀರಿನಿಂದ ತೊಳೆಯುವುದೂ ಚಿಕಿತ್ಸೆಯೇ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದೆಂದು ನಮ್ಮ ಧರ್ಮಕೇಂದ್ರಗಳ ಕಾರ್ಯಕರ್ತರು ಜನರಿಗೆ ತಿಳಿಸಬೇಕು.

ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಆದರೆ ಎದೆಯ ಮೇಲೆ ತಂತಿಗಳನ್ನು ಸರಿಯಾದ ಜಾಗದಲ್ಲಿ ಅಂಟಿಸುವ ಕೈ ಅಲ್ಲಿಯೇ ಇರಬೇಕು.

ಅಪಘಾತ, ವಿಷ, ಹೊಡೆದಾಟಗಳು ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳು. ರೋಗಿ ಬಂದ ಗಳಿಗೆ, ಕೊಟ್ಟ ಔಷಧಿ, ತೆಗೆದಿಟ್ಟ ಬಟ್ಟೆ ಎಲ್ಲವನ್ನೂ ದಾದಿ ಬರೆದಿಡಬೇಕು. ವರ್ಷಗಳ ನಂತರ ನ್ಯಾಯಾಲಯದಲ್ಲಿ ಆ ಬರಹವನ್ನೇ ತೆರೆಯುತ್ತಾರೆ. ಇನ್ನು ಜನರ ಸಿಟ್ಟು. ವೈದ್ಯರು ಬರುವುದು ತಡವಾದರೆ ಬೈಗುಳ ಬೀಳುವುದು ಎದುರಿಗಿರುವ ದಾದಿಗೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಗೆ ಕರ್ನಾಟಕದಲ್ಲಿ 2009ರಿಂದ ಕಾನೂನಿದೆ. ಗಾಯಾಳುವನ್ನು ಕರೆತಂದವರ ರಕ್ಷಣೆಗೆ 2016ರ ಜೀವರಕ್ಷಕರ ಕಾಯಿದೆಯೂ ಇದೆ. ಆದರೂ ರೋಗಿಯೊಬ್ಬನ ಹಿಂದೆ ಹದಿನೈದು ಮಂದಿ ಒಳನುಗ್ಗುವ ಅಭ್ಯಾಸ ಬಿಟ್ಟಿಲ್ಲ. ನಮ್ಮವರೂ ಇದಕ್ಕೆ ಹೊರತಲ್ಲ.

ಈಗ ಕಲಿಕೆಯ ವಿಚಾರ. ಜಿಎನ್‌ಎಂ ಡಿಪ್ಲೊಮಾ 3 ವರ್ಷ, ಯಾವುದೇ ವಿಷಯದಲ್ಲಿ ಪಿಯುಸಿ ಮಾಡಿದವರೂ ಸೇರಬಹುದು. ಬಿಎಸ್ಸಿ ನರ್ಸಿಂಗ್ 4 ವರ್ಷ, ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ಗಂಡುಮಕ್ಕಳಿಗೂ ಅವಕಾಶವಿದೆ, ತುರ್ತು ವಿಭಾಗದಲ್ಲಿ ಅವರಿಗೆ ಬೇಡಿಕೆಯೂ ಇದೆ. ಜಿಎನ್‌ಎಂ ಮುಗಿಸಿದವರು ಇನ್ನೆರಡು ವರ್ಷ ಓದಿ ಪೋಸ್ಟ್ ಬೇಸಿಕ್ ಬಿಎಸ್ಸಿ ಪಡೆಯಬಹುದು. ತುರ್ತು ಮತ್ತು ವಿಪತ್ತು ಶುಶ್ರೂಷೆಯಲ್ಲಿ ಒಂದು ವರ್ಷದ ವಿಶೇಷ ಡಿಪ್ಲೊಮಾ ಇದೆಯೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಸೇರುವ ಮೊದಲು ಕಾಲೇಜಿನ ಕಟ್ಟಡ ನೋಡಿ ಮರುಳಾಗದೆ, ಅದಕ್ಕೆ ಮಾನ್ಯತೆ ಇದೆಯೇ, ಸ್ವಂತ ಆಸ್ಪತ್ರೆ ಇದೆಯೇ, ಅಲ್ಲಿ ನಿಜವಾಗಿಯೂ ರೋಗಿಗಳಿದ್ದಾರೆಯೇ ಎಂದು ನೋಡಿರಿ. ಖಾಲಿ ಹಾಸಿಗೆಗಳ ನಡುವೆ ಕಲಿತವಳು ಕ್ಯಾಶುವಾಲ್ಟಿಯ ಮೊದಲ ರಾತ್ರಿಯೇ ಹೆದರಿ ಕೆಲಸ ಬಿಡುವುದುಂಟು.

ವಿದೇಶಕ್ಕೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಎಷ್ಟೋ ಕುಟುಂಬಗಳ ಮನೆ ಎದ್ದದ್ದೂ ಸಾಲ ತೀರಿದ್ದೂ ಆ ಸಂಬಳದಿಂದಲೇ. ಕೋರ್ಸು ಮುಗಿದೊಡನೆ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿ, ಎರಡು ವರ್ಷವಾದರೂ ಇಲ್ಲಿ ದುಡಿದು ಹೋಗಲಿ. ಹೇಗಿದ್ದರೂ ಹೊರದೇಶದ ಹೆಚ್ಚಿನ ಆಸ್ಪತ್ರೆಗಳು ಅನುಭವ ಕೇಳುತ್ತವೆ. ದುಡಿಯದೆ ದುಡ್ಡು ಕೊಟ್ಟು ಅನುಭವ ಪತ್ರ ಮಾಡಿಸಿಕೊಡುವವರಿದ್ದಾರೆ. ಆದರೆ ಗಲ್ಫಿನ ಪರವಾನಗಿ ಸಂಸ್ಥೆಗಳು ಪತ್ರ ಕೊಟ್ಟ ಆಸ್ಪತ್ರೆಯನ್ನೇ ವಿಚಾರಿಸುತ್ತವೆ. ಸುಳ್ಳೆಂದು ತಿಳಿದರೆ ಮುಂದೆ ಬೇರೆಡೆ ಪರವಾನಗಿ ಸಿಗುವುದೂ ಕಷ್ಟ. 2015ರಲ್ಲಿ ಕುವೈತಿನ ಕೆಲಸಕ್ಕಾಗಿ ಕೇರಳದ ದಾದಿಯರಿಂದ ಲಕ್ಷಗಟ್ಟಲೆ ಹಣ ಸುಲಿದ ಪ್ರಕರಣ ಬಯಲಾಯಿತು. ಅದೇ ವರ್ಷ ಕೇಂದ್ರ ಸರ್ಕಾರ ಗಲ್ಫ್ ಸೇರಿದಂತೆ 18 ದೇಶಗಳಿಗೆ ಹೋಗುವ ದಾದಿಯರ ನೇಮಕಾತಿಯನ್ನು ಇ-ಮೈಗ್ರೇಟ್ ವ್ಯವಸ್ಥೆಗೆ ಒಳಪಡಿಸಿತು. ನೋಂದಾಯಿತ ಏಜೆಂಟರು ಸೇವಾಶುಲ್ಕವಾಗಿ ಪಡೆಯಬಹುದಾದ ಗರಿಷ್ಠ ಮೊತ್ತ ಜಿಎಸ್‌ಟಿ ಬಿಟ್ಟು 30,000 ರೂಪಾಯಿ. ಅದಕ್ಕಿಂತ ಹೆಚ್ಚು ಕೇಳಿದರೆ ರಸೀದಿ ಕೇಳಿರಿ, ಮೂಲ ಅಂಕಪಟ್ಟಿಗಳನ್ನು ಮಾತ್ರ ಅವರ ಕೈಗೆ ಕೊಡಬೇಡಿರಿ.